ಎದೆಗೆ ಬರುವ ಕೈ

ಮಧುವನಹಳ್ಳಿಯ ರುದ್ರಸ್ವಾಮಿಗೆ ಈಜು ಬರುತ್ತದೆ ಎಂಬುದನ್ನು ಯಾರೂ ಅನುಮಾನಿಸಿರಲಿಲ್ಲ. ಅವನ ಸಂಕಟ ಶುರುವಾದದ್ದೇ ಅಲ್ಲಿಂದ.

ಹನೂರಿನ ಪ್ರೌಢಶಾಲೆಯೊಂದರಲ್ಲಿ ಅವನು ದೈಹಿಕ ಶಿಕ್ಷಕ. ನಲವತ್ತು ದಾಟಿ ಕೆಲವು ವರ್ಷಗಳಾಗಿದ್ದರೂ ಹೊಟ್ಟೆ ಬಂದಿರಲಿಲ್ಲ. ತಾನು ಮಾಡಿ ತೋರಿಸಲಾಗದ್ದನ್ನು ಮಕ್ಕಳಿಗೆ ಮಾಡಿ ಎನ್ನುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಆಗಾಗ ಹೇಳುತ್ತಿದ್ದ. ಸಿಳ್ಳೆ ಊದಿ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂರುವ ಇತರ ಪಿ.ಟಿ. ಮೇಷ್ಟ್ರುಗಳ ಬಗ್ಗೆ ಅವನಿಗೆ ಒಳಗೊಳಗೇ ತಾತ್ಸಾರವಿತ್ತು. ಮೈದಾನಕ್ಕೆ ಜಾತಿಯಿಲ್ಲ ಎಂಬುದು ಅವನ ಇನ್ನೊಂದು ಮಾತು. ಕಬಡ್ಡಿಗೆ ಇಳಿಯುವ ಮುನ್ನ ಬಳೆ, ಸರ, ತಾಯತ, ಮಣಿಕಟ್ಟಿನ ದಾರ ಎಲ್ಲವನ್ನೂ ಬಿಚ್ಚಿಸುತ್ತಿದ್ದ. ಪೆಟ್ಟಾಗಬಾರದೆಂಬುದು ಅದಕ್ಕೆ ಕಾರಣ. ಆದರೆ ಆ ಕಾರಣಕ್ಕೆ ಸಮಾನತೆಯ ಬಣ್ಣವನ್ನೂ ಕೊಂಚ ಬಳಿದು ಹೇಳುವುದು ಅವನಿಗೆ ಇಷ್ಟವಾಗಿತ್ತು.

ಕೊಳ್ಳೇಗಾಲದ ಹೊರಗೆ, ಕಬ್ಬಿನ ಗದ್ದೆಗಳು ಮುಗಿದು ಸೈಟಿನ ಕಲ್ಲುಗಳು ಶುರುವಾಗುವ ಕಡೆ, ಜಡೇಸ್ವಾಮಿ ಎಂಬ ಕಂಟ್ರಾಕ್ಟರು ಒಂದು ಈಜುಕೊಳ ಕಟ್ಟಿಸಿದ. ಭಾನುವಾರ ಬೆಳಿಗ್ಗೆ ಕೆಲಹೊತ್ತು ಹನೂರಿನ ಶಾಲೆಯ ಮಕ್ಕಳಿಗೆ ಅದನ್ನು ಬಿಟ್ಟುಕೊಡಲು ಒಪ್ಪಿದ. ಮೇಷ್ಟ್ರು ಜೊತೆಯಲ್ಲಿರಬೇಕು, ಕೋಚ್ ಹೇಳಿದಂತೆ ಕೇಳಬೇಕು ಎಂಬುದಷ್ಟೇ ಅವನ ಷರತ್ತು. ಕೋಚ್ ಎಂದರೆ ಮೀನಾ. ಕೌದಳ್ಳಿಯ ಹುಡುಗಿ, ಮೈಸೂರಿನ ಕಾಲೇಜಿನಲ್ಲಿ ಓದುವಾಗ ಈಜು ಮತ್ತು ಡೈವಿಂಗ್ ಕಲಿತು ಬಂದವಳು. ಮನೆಮಾತು ತಮಿಳು. ಅವಳ ಕನ್ನಡ ಪ್ರತಿ ವಾಕ್ಯದ ತುದಿಯಲ್ಲೂ ಸ್ವಲ್ಪ ಎಳೆದುಕೊಂಡು ನಿಲ್ಲುತ್ತಿತ್ತು.

ಮೊದಲ ಭಾನುವಾರ ಮೀನಾ ಆಳದ ಬದಿಯ ಅಂಚಿನಲ್ಲಿ ನೀರಿಗೆ ಬೆನ್ನು ಹಾಕಿ ನಿಂತಳು. ಎರಡೂ ಕೈಗಳನ್ನು ತಲೆಯ ಮೇಲೆ ನೀಳವಾಗಿ ಎತ್ತಿ, ಬಿಲ್ಲಿನಂತೆ ಹಿಂದಕ್ಕೆ ಬಾಗಿ, ಸದ್ದೇ ಇಲ್ಲದಂತೆ ನೀರಿನೊಳಗೆ ಸೇರಿಹೋದಳು. ಮಕ್ಕಳು ಉಸಿರು ಬಿಟ್ಟರು. ಆಮೇಲೆ ಎಲ್ಲರ ಮುಖಗಳೂ ಒಟ್ಟಿಗೇ ಮೇಷ್ಟ್ರ ಕಡೆ ತಿರುಗಿದವು.

"ಸಾ, ನೀವೂ ಒಂದ್ಸಲ ಬೀಳಿ ಸಾ!"

"ನಾನ್ ಬಿದ್ರೆ ನೀರೆಲ್ಲಾ ಆಚೆಗೆ ಬತ್ತದೆ ಕಣ್ರಲಾ. ಇನ್ನೊಂದಿನ ತೋರುಸ್ತೀನಿ."

"ನಿಮ್ಗೆ ಬತ್ತದಾ ಸಾ ಇದು?" ಎಂದು ಕೇಳಿದ್ದು ರೂಪ. ಒಂಬತ್ತನೇ ತರಗತಿಯ ಹುಡುಗಿ. ಕೌದಳ್ಳಿಯಿಂದ ಬಸ್ಸಿನಲ್ಲಿ ಬರುವವಳು. ಅವಳು ವ್ಯಂಗ್ಯಕ್ಕೆ ಕೇಳಿರಲಿಲ್ಲ, ತಿಳಿದುಕೊಳ್ಳಲು ಕೇಳಿದ್ದಳು.

"ಬರ್ದೆ ಏನು? ಬಾವೀಲಿ ಬೆಳ್ದವ್ನು ನಾನು."

ಮಕ್ಕಳು ಹೋದ ಮೇಲೆ ಅವನು ಮೀನಾಳ ಬಳಿ ಹೋಗಿ, ಟವೆಲ್ ಮಡಿಸುವ ನೆಪದಲ್ಲಿ ತಲೆ ತಗ್ಗಿಸಿಕೊಂಡು ಕೇಳಿದ: "ಮೇಡಂ, ಭಾನುವಾರ ಮಕ್ಕಳು ಬರೋಕೆ ಮುಂಚೆ ನನಗೂ ಒಂಚೂರು ಹೇಳ್ಕೊಡ್ತೀರಾ?"

"ಬರುತ್ತೆ ಅಂದ್ರಲ್ಲ ಸಾರ್?"

"ಬರುತ್ತೆ. ಮರೆತೋಗಿದೆ."

ಮೀನಾ ನಗಲಿಲ್ಲ. "ಮರೆತಿರೋದು ಒಳ್ಳೇದೇ ಸಾರ್. ಹೊಸದಾಗಿ ಕಲಿಯೋಣ," ಎಂದಳು.

ಬಾವಿಯಲ್ಲಿ ಬೆಳೆದವನು ಎಂಬುದು ಸುಳ್ಳಲ್ಲ. ಮಧುವನಹಳ್ಳಿಯ ಅವರ ಜಮೀನಿನ ಬಾವಿಯಲ್ಲಿ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತ ಹುಡುಗರಲ್ಲಿ ಅವನೂ ಒಬ್ಬ. ಆದರೆ ಆ ಬಾವಿಗೆ ಅವರು ಹಾರುತ್ತಿದ್ದದ್ದು ಕಾಲು ಮುಂದಾಗಿ. ಎಡಗೈ ಮೂಗನ್ನು ಹಿಡಿದಿರುತ್ತಿತ್ತು. ಬಲಗೈ ಎದೆಯ ಮೇಲಿನ ಕರಡಿಗೆಯನ್ನು ಅದುಮಿ ಹಿಡಿದಿರುತ್ತಿತ್ತು. ಹುಟ್ಟಿದ ಕೆಲವೇ ದಿನಗಳಲ್ಲಿ ಮಠದ ಅಯ್ಯನವರು ಕಟ್ಟಿದ ಇಷ್ಟಲಿಂಗ ಆ ಬೆಳ್ಳಿ ಕರಡಿಗೆಯೊಳಗೆ ಕೊರಳ ಶಿವದಾರಕ್ಕೆ ಜೋತುಬಿದ್ದಿತ್ತು. ಅದು ಜೀವವಿರುವತನಕ ಮೈ ಬಿಟ್ಟು ಹೋಗಬಾರದು. ಬಾವಿಯ ಕಟ್ಟೆಯ ಮೇಲೆ ನಿಂತು ಅವನ ತಾಯಿ ದೊಡ್ಡಬಸಮ್ಮ ಕೂಗುತ್ತಿದ್ದಳು: "ಲಿಂಗ ಏನಾರಾ ನೀರ್ಗೆ ಬಿದ್ರೆ ನೀನೂ ಮೇಲಕ್ ಬರ್ಬ್ಯಾಡ!" ಹುಡುಗರು ನಗುತ್ತಿದ್ದರು. ಆದರೆ ಒಬ್ಬನೂ ಎದೆಯಿಂದ ಕೈ ತೆಗೆಯುತ್ತಿರಲಿಲ್ಲ.

ಈಗ ಅವನಿಗೆ ಪೂಜೆಯ ಅಭ್ಯಾಸ ತಪ್ಪಿಹೋಗಿತ್ತು. ಕರಡಿಗೆಯನ್ನು ತೆರೆದು ನೋಡಿ ವರ್ಷಗಳಾಗಿದ್ದವು. ಸ್ಟಾಫ್ ರೂಮಿನಲ್ಲಿ ಧರ್ಮದ ವಿಷಯ ಬಂದಾಗ ಅವನು ಆಧುನಿಕರ ಪಾಳಯದಲ್ಲಿರುತ್ತಿದ್ದ. ಆದರೂ ಅದು ಅಂಗಿಯೊಳಗೆ ಇತ್ತು. ತೆಗೆದಿಡುವುದಕ್ಕೂ ಒಂದು ಬಗೆಯ ನಂಬಿಕೆ ಬೇಕು, ಅದೂ ಅವನಲ್ಲಿರಲಿಲ್ಲ.

*

ಬ್ಯಾಕ್ ಡೈವ್ ಎಂದರೆ ಹಿಂದಕ್ಕೆ ಹಾರುವುದಲ್ಲ, ಬಾಗಿ ಬೀಳುವುದು ಎಂಬುದು ಮೀನಾಳ ಮೊದಲ ಪಾಠ. ಅವಳು ಅವನನ್ನು ನೀರಿನ ಹತ್ತಿರವೇ ಬಿಡಲಿಲ್ಲ. ಮೊದಲು ಚಾಪೆಯ ಮೇಲೆ ಅಂಗಾತ ಮಲಗಿಸಿ, ಕೈಗಳನ್ನು ತಲೆಯಾಚೆಗೆ ಚಾಚಿಸಿ, ಒಂದು ಹೆಬ್ಬೆರಳಿಗೆ ಇನ್ನೊಂದನ್ನು ಸಿಕ್ಕಿಸಲು ಹೇಳಿದಳು. ತೋಳುಗಳು ಕಿವಿಗೆ ಒತ್ತಿರಬೇಕು. ಕಿವಿ ಕಾಣಿಸಿದರೆ ತಪ್ಪು. ನಂತರ ಗೋಡೆಗೆ ಒಂದು ಹೆಜ್ಜೆ ದೂರ ಬೆನ್ನು ಹಾಕಿ ನಿಲ್ಲಿಸಿ, ಕೈಬೆರಳು ಗೋಡೆಯನ್ನು ಹುಡುಕುವಷ್ಟು ಹಿಂದಕ್ಕೆ ಬಾಗಿಸಿದಳು. ಬೀಳುವ ಮುನ್ನ ಹಿಂದೆ ಯಾರಾದರೂ ಈಜುತ್ತಿದ್ದಾರೆಯೇ ಎಂದು ತಿರುಗಿ ನೋಡಲೇಬೇಕು. ಆಳದ ಬದಿ ಬಿಟ್ಟು ಬೇರೆಲ್ಲೂ ಬೀಳಕೂಡದು. ಕಣ್ಣು ಕೈಯ ಹಿಂದೆ ಹೋಗಬೇಕು, ತಲೆ ಕಣ್ಣಿನ ಹಿಂದೆ, ಬೆನ್ನು ತಲೆಯ ಹಿಂದೆ.

"ಕೈ ನಿಮ್ಮ ಹೆಲ್ಮೆಟ್ ಸಾರ್. ನೀರು ಸಿಗೋತನಕ ತೆಗೆಯೋ ಹಾಗಿಲ್ಲ. ಅರ್ಧ ದಾರೀಲಿ ಯಾರಾದ್ರೂ ಹೆಲ್ಮೆಟ್ ತೆಗೀತಾರಾ?"

"ನಮ್ಮೂರ ಕಡೆ ಹೆಲ್ಮೆಟ್ಟನ್ನ ಮೊಣಕೈಗೆ ಹಾಕ್ಕೊಂಡೇ ಓಡಿಸ್ತಾರೆ ಮೇಡಂ."

ಅವತ್ತು ಇಬ್ಬರೂ ನಕ್ಕರು. ನೀರಿಗೆ ಇಳಿಯುವ ದಿನ ಬಂದಾಗ ಅವನು ಟೀ ಶರ್ಟ್ ತೆಗೆಯಲಿಲ್ಲ. ಬಿಸಿಲಿಗೆ ಚರ್ಮ ಉರಿಯುತ್ತದೆ ಎಂದ. ಮೀನಾ ಒಂದು ಕೈಯನ್ನು ಅವನ ಸೊಂಟಕ್ಕೂ ಇನ್ನೊಂದನ್ನು ತೊಡೆಗೂ ಆನಿಸಿ ನಿಧಾನವಾಗಿ ಹಿಂದಕ್ಕೆ ಇಳಿಸಿದಳು. ಲೋಕ ತಲೆಕೆಳಗಾದ ಆ ಕ್ಷಣದಲ್ಲಿ ಟೀ ಶರ್ಟಿನೊಳಗಿನ ಕರಡಿಗೆ ಎದೆಯಿಂದ ಜಾರಿ, ಗಂಟಲು ದಾಟಿ, ಅವನ ತುಟಿಗೆ ಬಡಿಯಿತು. ನೀರಿನಿಂದ ಎದ್ದಾಗ ಬಾಯಲ್ಲಿ ರಕ್ತದ ರುಚಿಯಿತ್ತು. ತುಟಿ ಹಲ್ಲಿಗೆ ಸಿಕ್ಕಿತು ಎಂದ.

ಮುಂದಿನ ಸಲ ಬೀಳುವಾಗ ಬಲಗೈ ತಾನಾಗಿಯೇ ಎದೆಗೆ ಬಂತು. ಅದರ ಮುಂದಿನ ಸಲವೂ ಬಂತು. ಒಂದು ಕೈ ಕಳಚಿದೊಡನೆ ಮೈ ತಿರುಚಿಕೊಂಡು, ಅವನು ಓರೆಯಾಗಿ ಬಡಿಗೆಯಂತೆ ನೀರಿಗೆ ಅಪ್ಪಳಿಸುತ್ತಿದ್ದ.

"ಬಲಗೈ ಯಾಕೆ ಸಾರ್ ಕೆಳಗೆ ಬರ್ತಾ ಇದೆ?"

ಹೇಳಬಹುದಾಗಿತ್ತು. ಅರ್ಧ ವಾಕ್ಯದ ಮಾತು. ಆದರೆ ಅದನ್ನು ಹೇಳಿದರೆ ತಾನು ಯಾರ ಮನೆಯವನು ಎಂಬುದು ಈ ಹುಡುಗಿಯೆದುರು ನೀರಿನ ಮೇಲೆ ತೇಲಿದಂತಾಗುತ್ತದೆ ಎಂದುಕೊಂಡ. ಜೊತೆಗೆ, ಪೂಜೆಯನ್ನೇ ಮಾಡದವನು ಲಿಂಗಕ್ಕಾಗಿ ಹೆದರುತ್ತಾನೆ ಎಂಬುದು ಅವನಿಗೇ ನಗೆಪಾಟಲಾಗಿ ಕಂಡಿತು. ಭಕ್ತನೆಂದು ಕಾಣಿಸಿಕೊಳ್ಳಲು ನಾಚಿಕೆ, ಭಕ್ತನಲ್ಲವೆಂದು ಒಪ್ಪಿಕೊಳ್ಳಲೂ ನಾಚಿಕೆ.

"ಹೆಗಲು ಮೇಡಂ. ಹಳೇ ನೋವು. ಕಬಡ್ಡೀಲಿ ಬಿದ್ದಿದ್ದು."

ಮೀನಾ ಅದನ್ನು ನಂಬಿದಳು. ಅಂದಿನಿಂದ ಪಾಠಕ್ಕೆ ಮೊದಲು ಟವೆಲ್ಲಿನ ಎರಡು ತುದಿ ಹಿಡಿದು ಹೆಗಲು ತಿರುಗಿಸುವ ವ್ಯಾಯಾಮವನ್ನು ಅವನ ಜೊತೆ ನಿಂತು ತಾನೂ ಮಾಡಿದಳು. ಎರಡೂ ಕೈ ಮೇಲೇ ನಿಲ್ಲುವವರೆಗೆ ಒಬ್ಬರೇ ಬೀಳಬೇಡಿ, ಮಕ್ಕಳ ಮುಂದಂತೂ ಬೀಳಲೇಬೇಡಿ ಎಂದಳು. ಅವನು ತಲೆಯಾಡಿಸಿದ.

ಅದೇ ಬೆಳಿಗ್ಗೆ ಮಕ್ಕಳು ಬಂದಾಗ ಅವನು ಎಂದಿನಂತೆ ಸ್ಟೀಲ್ ಡಬ್ಬಿ ಹಿಡಿದುಕೊಂಡು ಸಾಲಿನ ಮುಂದೆ ನಡೆದ. ಬಳೆ, ಕಿವಿಯೋಲೆ, ದಾರಗಳು ಒಂದೊಂದಾಗಿ ಡಬ್ಬಿಗೆ ಬಿದ್ದವು. ರೂಪ ತನ್ನ ಕೊರಳ ಕಪ್ಪು ದಾರವನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಅದರಲ್ಲಿ ಮಾದಪ್ಪನ ಬೆಟ್ಟದಿಂದ ತಂದ ಒಂದು ತಾಯತವಿತ್ತು.

"ಸಾ, ಇದು ನಮ್ಮಜ್ಜಿ ಕಟ್ಟಿರದು. ತಗುದ್ರೆ ಬೈತಳೆ ಸಾ."

"ನಿಮ್ಮಜ್ಜಿ ಬಂದು ನೀರ್ಗೆ ಬೀಳ್ತಳಾ? ತಗಿ ತಗಿ. ಇಲ್ಲಿ ಎಲ್ರೂ ಒಂದೇ."

ಮಕ್ಕಳು ಹೋ ಎಂದು ನಕ್ಕರು. ರೂಪಳೂ ನಗಲು ನೋಡಿ, ದಾರವನ್ನು ತಲೆಯ ಮೇಲಿಂದ ತೆಗೆದು, ಕಣ್ಣಿಗೊತ್ತಿಕೊಂಡು ಡಬ್ಬಿಗೆ ಹಾಕಿದಳು. ಒದ್ದೆ ಟೀ ಶರ್ಟಿನ ಒಳಗೆ ಕರಡಿಗೆ ಅವನ ಎದೆಗೆ ತಣ್ಣಗೆ ಅಂಟಿಕೊಂಡಿತ್ತು.

*

ಒಂದು ಭಾನುವಾರ ಮೀನಾ ತಗ್ಗಿನ ಬದಿಯಲ್ಲಿ ಚಿಕ್ಕ ಮಕ್ಕಳಿಗೆ ಕಾಲು ಬಡಿಯುವುದನ್ನು ಕಲಿಸುತ್ತಿದ್ದಳು. ಆಳದ ಬದಿಯಲ್ಲಿದ್ದ ದೊಡ್ಡ ಮಕ್ಕಳು ಮೇಷ್ಟ್ರನ್ನು ಬಿಡಲಿಲ್ಲ.

"ಎಷ್ಟ್ ವಾರ ಆಯ್ತು ಸಾ! ನಿಮ್ಗೆ ಬರಕಿಲ್ಲ ಬುಡಿ."

"ಸುಮ್ನಿರ್ಲಾ, ಸಾಗೆ ಬತ್ತದೆ," ಎಂದು ರೂಪ ಆ ಹುಡುಗನನ್ನು ಗದರಿದಳು.

ಆ ಒಂದು ಸಮರ್ಥನೆ ಸಾಕಾಯಿತು. ಅವನು ಅಂಚಿಗೆ ಹೋಗಿ ಬೆನ್ನು ತಿರುಗಿಸಿ ನಿಂತ. ಕೈ ಎತ್ತಿದ. ಬಾಗಿದ. ಬಿದ್ದ. ಅವತ್ತು ಮೈ ಹೇಗೋ ಅಂಚಿನಿಂದ ದೂರ ಸರಿದಿತ್ತು, ಏಟಾಗಲಿಲ್ಲ. ಮೇಲೆದ್ದಾಗ ಚಪ್ಪಾಳೆ. ಮಕ್ಕಳ ಮುಖಗಳಲ್ಲಿ ಕಂಡ ಹೊಳಪನ್ನು ಅವನು ಮನೆಯತನಕ ಕೊಂಡೊಯ್ದ. ಬಲಗೈ ಎದೆಗೆ ಬಂದಿತ್ತೆಂಬುದು ತನಗೆ ಮಾತ್ರ ಗೊತ್ತು ಎಂದು ನಂಬಿದ.

ರೂಪ ಚುರುಕಿನವಳು. ಮೀನಾಳ ಕೈಯ ಆಸರೆಯಲ್ಲಿ ಆಗಲೇ ಚೆನ್ನಾಗಿ ಬೀಳುತ್ತಿದ್ದಳು. ಮುಂದಿನ ವಾರ ಮೀನಾ ತಾನು ನೀರಿನೊಳಗೆ ಒಂದು ಬದಿಗೆ ಈಜುತ್ತ ನಿಂತು, ಅವಳನ್ನು ಮೊದಲ ಬಾರಿಗೆ ಒಂಟಿಯಾಗಿ ಬೀಳಲು ಬಿಟ್ಟಳು. ರೂಪ ತಿರುಗಿ ನೋಡಿ ಜಾಗ ಖಾಲಿಯಿರುವುದನ್ನು ಖಚಿತಪಡಿಸಿಕೊಂಡಳು. ಹೆಬ್ಬೆರಳು ಸಿಕ್ಕಿಸಿದಳು. ಕಿವಿ ಮುಚ್ಚಿತು, ತಲೆ ಹಿಂದಕ್ಕೆ ಹೋಯಿತು, ಬೆನ್ನು ಬಾಗಿತು. ಆಮೇಲೆ, ಪಾದ ಅಂಚನ್ನು ಬಿಡುವ ಕ್ಷಣದಲ್ಲಿ, ಅವಳ ಬಲಗೈ ಕಳಚಿಕೊಂಡು ಬಂದು ಎದೆಯ ನಡುವೆ, ಏನೂ ಇಲ್ಲದ ಜಾಗದ ಮೇಲೆ, ಶ್ರದ್ಧೆಯಿಂದ ಕೂತಿತು.

ರಕ್ತ ಕಾಣುವ ಮೊದಲೇ ರುದ್ರಸ್ವಾಮಿಗೆ ಎಲ್ಲವೂ ಗೊತ್ತಾಗಿತ್ತು. ಮೈ ತಿರುಚಿ, ಹುಬ್ಬು ಅಂಚಿನ ಟೈಲ್ಸಿಗೆ ತಾಗಿತು. ಮೀನಾ ಅವಳನ್ನು ಹಿಡಿದು, ಕುತ್ತಿಗೆ ಅಲುಗದಂತೆ ಮಲಗಿಸಿ ತೇಲಿಸಿಕೊಂಡು ಬಂದಳು. ನೀರಿನಲ್ಲಿ ಕೆಂಪು ಬಣ್ಣ ದಾರದ ಹಾಗೆ ಬಿಚ್ಚಿಕೊಳ್ಳುತ್ತ ಹೋಯಿತು.

ಆಸ್ಪತ್ರೆಯಲ್ಲಿ ಹುಬ್ಬಿನ ಮೇಲೆ ಹೊಲಿಗೆ ಹಾಕಿದರು. ಕುತ್ತಿಗೆಗೆ ಏನೂ ಆಗಿಲ್ಲ, ಅದೃಷ್ಟ ಎಂದರು ಡಾಕ್ಟರು. ಅಷ್ಟು ಹೊತ್ತಿಗೆ ರೂಪಳ ತಾಯಿ ಪುಷ್ಪ ಬಂದಳು. ಕೂಲಿಗೆ ಹೋಗಿದ್ದ ಅರಿಶಿನದ ಹೊಲದಿಂದ ನೇರ ಬಸ್ಸು ಹತ್ತಿದ್ದಳು; ಕೈಯ ಮಣ್ಣು ಇನ್ನೂ ಒಣಗಿರಲಿಲ್ಲ.

"ಯಾಕವ್ವಾ ಇಂಗ್ ಮಾಡ್ಕಂಡೆ? ಮೇಷ್ಟ್ರು ಯೋಳ್ದಂಗೆ ಮಾಡ್ಬಾರ್ದಾ?"

"ಮಾಡ್ದೆ ಕಣವ್ವ. ಸಾ ಮಾಡ್ದಂಗೇ ಮಾಡ್ದೆ."

"ಮಾಡದ್ ಮಾಡ್ಬುಟ್ಟು ಸಾ ಮ್ಯಾಲೆ ಯೋಳ್ತಿಯಾ?" ಪುಷ್ಪ ಮಗಳ ತೊಡೆಗೆ ಒಂದು ಬಿಗಿದಳು.

ಮೀನಾ ಬಾಗಿಲ ಬಳಿ ನಿಂತು ಕೇಳುತ್ತಿದ್ದಳು. ರುದ್ರಸ್ವಾಮಿ ಬಾಯಿ ತೆರೆದ. "ಬುಡಿ ಅವ್ವಾ, ಬೈಬ್ಯಾಡಿ," ಎಂದ. ಅಷ್ಟೇ ಬಂದದ್ದು. ಅದು ದಯೆಯಂತೆ ಕೇಳಿಸಿತು. ಪುಷ್ಪ ಎರಡೂ ಕೈ ಮುಗಿದು, "ನೀವಿದ್ದೊತ್ಗೆ ನನ್ ಕೂಸು ಉಳ್ಕತು ಸಾ," ಎಂದಳು. ರೂಪ ಅವನನ್ನೇ ನೋಡುತ್ತಿದ್ದಳು. ಅವಳ ನೋಟದಲ್ಲಿ ದೂರಿರಲಿಲ್ಲ. ತಾನು ಎಲ್ಲಿ ತಪ್ಪಿದೆ ಎಂದು ಮೇಷ್ಟ್ರು ಹೇಳುತ್ತಾರೆ ಎಂದು ಕಾಯುವ ಹುಡುಗಿಯ ನೋಟ ಅದು. ಅವನು ಔಷಧಿಯ ಚೀಟಿ ತೆಗೆದುಕೊಂಡು ಹೊರಗೆ ನಡೆದುಬಿಟ್ಟ.

ಮರುದಿನ ಜಡೇಸ್ವಾಮಿ ಫೋನು ಮಾಡಿದ.

"ಮೇಷ್ಟ್ರೇ, ಆ ಹುಡ್ಗಿ ಬ್ಯಾಡ. ಯೋಳ್ದಂಗ್ ಕೇಳಲ್ಲ ಅಂದ್ರೆ ನಾಳೆ ನನ್ ತಲೆ ಮ್ಯಾಲೆ ಬತ್ತದೆ. ಬ್ಯಾರೆ ಮಕ್ಳು ಬರ್ಲಿ, ಬ್ಯಾಡ ಅನ್ನಕಿಲ್ಲ. ನೀವೇ ಅವ್ರ ಮನೇಗೆ ಒಂದ್ ಮಾತು ಯೋಳ್ಬುಡಿ."

"ಆಯ್ತು," ಎಂದ ರುದ್ರಸ್ವಾಮಿ. ಫೋನು ಇಟ್ಟ ಮೇಲೆ ಆ ಪದ ಎಷ್ಟು ಸಲೀಸಾಗಿ ಬಂತು ಎಂದು ಅವನಿಗೇ ಬೆರಗಾಯಿತು.

ಶಾಲೆಯಲ್ಲಿ ಹುಬ್ಬಿಗೆ ಪ್ಲಾಸ್ಟರ್ ಹಾಕಿಕೊಂಡ ರೂಪ ಎದುರಾಗಿ, "ಸಾ, ಭಾನ್ವಾರ ನೀರ್ಗೆ ಇಳಿಯಕಿಲ್ಲ, ಸುಮ್ನೆ ನೋಡಕೆ ಬರ್ಲಾ?" ಎಂದಳು. "ನೋಡನ," ಎಂದು ಅವನು ಸಿಳ್ಳೆಯನ್ನು ಬಾಯಿಗಿಟ್ಟುಕೊಂಡ. ಆಗ ಮೈದಾನದ ಆಚೆ ತುದಿಯಿಂದ, ಲಾಂಗ್ ಜಂಪಿನ ಮರಳು ಗುಂಡಿಯ ಕಡೆಯಿಂದ, ಗದ್ದಲ ಕೇಳಿಸಿತು. ಮಕ್ಕಳು ಸಾಲಾಗಿ ಗುಂಡಿಗೆ ಬೆನ್ನು ಹಾಕಿ ನಿಂತು ಒಬ್ಬೊಬ್ಬರಾಗಿ ಹಿಂದಕ್ಕೆ ಬೀಳುತ್ತಿದ್ದರು. ಕೈ ಮೇಲಕ್ಕೆ. ಹೆಬ್ಬೆರಳು ಕೂಡಿಸಿ. ಆಮೇಲೆ ಬಲಗೈ ಎದೆಗೆ.

"ಇದು ಸಾ ಸ್ಟೈಲ್ ಕಣ್ಲಾ!"

"ಎಡ್ಗೈ ಅಲ್ಲ ಕಣೇ, ಬಲ್ಗೈ! ಸಾ ಬಲ್ಗೈ ಇಡದು. ಗಂಗವ್ವಂಗೆ ನಮಸ್ಕಾರ ಅದು."

ಕೊರಳಲ್ಲಿ ಏನೂ ಇಲ್ಲದ ಮಕ್ಕಳು. ಯಾವ ಯಾವ ಕೇರಿಯ, ಯಾವ ಯಾವ ಒಕ್ಕಲಿನ ಮಕ್ಕಳು. ಎಲ್ಲರ ಕೈಯೂ ಖಾಲಿ ಎದೆಯ ಮೇಲೆ, ಅವನು ಯಾರಿಗೂ ಹೇಳದ ವಸ್ತುವನ್ನು ಕಾಯುತ್ತಿತ್ತು. ಅವನು ಹೆಮ್ಮೆಪಟ್ಟುಕೊಂಡ ಮಾತು ಅಲ್ಲಿ ನಿಜವಾಗಿತ್ತು. ಮೇಷ್ಟ್ರು ಮಾಡಿ ತೋರಿಸಿದ್ದನ್ನೇ ಮಕ್ಕಳು ಮಾಡುತ್ತಿದ್ದರು. ಅವನು ಸಿಳ್ಳೆ ಊದಿ ಅವರನ್ನು ಚದುರಿಸಿದ. ಯಾಕೆಂದು ಹೇಳಲಿಲ್ಲ.

*

ಮರುದಿನ ಬೆಳಿಗ್ಗೆ ದೊಡ್ಡಬಸಮ್ಮ ಎಡಗೈಯ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂತಿದ್ದಳು. ಮಗ ಬಂದು ಕಂಬಕ್ಕೆ ಒರಗಿ ಕೂತದ್ದನ್ನು ನೋಡಿದರೂ ಪೂಜೆ ಮುಗಿಯುವ ತನಕ ಮಾತಾಡಲಿಲ್ಲ. ಆಮೇಲೆ ವಿಭೂತಿಯ ಕೈ ಒರೆಸಿಕೊಳ್ಳುತ್ತ, "ಏನಪ್ಪ?" ಎಂದಳು.

"ಲಿಂಗ ತೆಗ್ದಿಟ್ಟು ನೀರ್ಗೆ ಇಳೀಬೋದಾ ಅವ್ವ?"

"ಯಾಕೆ, ಭಾರ ಆಯ್ತಾ?"

ಅವನು ಎಲ್ಲವನ್ನೂ ಹೇಳಿದ. ತುಟಿಗೆ ಬಡಿದದ್ದು, ಕೈ ಬಂದದ್ದು, ಹೆಗಲು ನೋವೆಂದದ್ದು, ಹುಡುಗಿಯ ಹುಬ್ಬು. ಕೊನೆಗೆ, ಸ್ವಲ್ಪ ಹಗುರಾಗಲೆಂದು, "ನೀನೇ ಅಲ್ವ ಹೇಳ್ತಿದ್ದದ್ದು, ಲಿಂಗ ನೀರ್ಗೆ ಬಿದ್ರೆ ನೀನೂ ಮೇಲಕ್ ಬರ್ಬ್ಯಾಡ ಅಂತ," ಎಂದ.

"ಬಾವಿ ಕಟ್ಟೆ ಮ್ಯಾಲೆ ನಿಂತ್ಕಂಡು ಹೆತ್ತೋಳು ಇನ್ನೇನ್ ಯೋಳ್ತಳೆ? ಮೇಲಕ್ ಬರ್ಲಿ ಅಂತ್ಲೇ ಅಂಗ್ ಯೋಳದು. ಆ ಕೂಸ್ನ ಹಣೆ ಒಡ್ದದ್ದು ನನ್ ಮಾತ್ಗೆ ಅನ್ನು ಮತ್ತೆ. ಅದೂ ನನ್ ಮ್ಯಾಲೇ ಬರ್ಲಿ."

ಅವನು ತಲೆ ತಗ್ಗಿಸಿದ. ಆಸ್ಪತ್ರೆಯಲ್ಲಿ ಮಗುವಿನ ಮೇಲೆ ಬಿಟ್ಟದ್ದನ್ನು ಇಲ್ಲಿ ತಾಯಿಯ ಮೇಲೆ ಬಿಡಲು ಬಂದಿದ್ದ.

"ಪೂಜೆ ಮಾಡಿ ಎಷ್ಟು ಕಾಲ ಆಯ್ತೋ ನೀನು? ಪೂಜೆ ಬ್ಯಾಡ, ಇಡ್ಕಳಕೆ ಮಾತ್ರ ಕೈ ಬತ್ತದೆ." ಅವಳು ಎದ್ದು ಒಂದು ಬಿಳಿ ಬಟ್ಟೆಯ ಪಟ್ಟಿ ಹರಿದು ತಂದಳು. "ಅಂಗಿ ತಗಿ. ನಿಮ್ಮಪ್ಪ ಕಣದಲ್ಲಿ ರಾಗಿ ಬಡಿಯವಾಗ ರಟ್ಟೆಗೆ ಕಟ್ಕತಿದ್ರು. ಬಿಗಿಯಾಗಿ ಕಟ್ಟುದ್ರೆ ಎಲ್ಗೂ ಓಗಕಿಲ್ಲ. ಹೊಕ್ಕುಳಿಂದ ಕೆಳಕ್ ಮಾತ್ರ ಬರ್ಬಾರ್ದು."

"ತಲೆಕೆಳಗಾಗಿ ಬೀಳವಾಗ ಎಲ್ಲಾ ಕೆಳ್ಗೇ ಅಲ್ವ ಅವ್ವ."

"ಅದ್ನ ಅವ್ನೇ ನೋಡ್ಕತನೆ ಬುಡು," ಎಂದು ಅವಳು ಗಂಟನ್ನು ಹಲ್ಲಿನಿಂದ ಎಳೆದು ಬಿಗಿದಳು. ಆಮೇಲೆ, "ಮೊದ್ಲು ಆ ಕೂಸ್ನ ತಾಯ್ಗೆ ಯೋಳು. ನನ್ಗಲ್ಲ," ಎಂದಳು.

*

ಭಾನುವಾರ ರುದ್ರಸ್ವಾಮಿಯೇ ಪುಷ್ಪಳನ್ನೂ ರೂಪಳನ್ನೂ ಈಜುಕೊಳಕ್ಕೆ ಕರೆಸಿದ್ದ. ಗೇಟಿನಲ್ಲಿ ಜಡೇಸ್ವಾಮಿ ಹುಬ್ಬೇರಿಸಿದ. "ಬ್ಯಾಡ ಅಂದಿದ್ನಲ್ಲ ಮೇಷ್ಟ್ರೇ?"

"ಒಂದ್ ಮಾತು ಹೇಳೋದಿದೆ. ನೀವೂ ಬನ್ನಿ."

ಮಕ್ಕಳು ಸಾಲಾಗಿ ಕೂತಿದ್ದರು. ಮೀನಾ ಕೈ ಕಟ್ಟಿ ನಿಂತಿದ್ದಳು. ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡಿದ್ದ ಮಾತು ಬಾಯಿಗೆ ಬರುವಾಗ ಸರ್ಕಾರಿ ಸುತ್ತೋಲೆಯ ಭಾಷೆಯಾಗಿಬಿಟ್ಟಿತು. "ಕಳೆದ ವಾರದ ಘಟನೆಗೆ ಸಂಬಂಧಿಸಿದಂತೆ, ತರಬೇತಿಯಲ್ಲಿ ಉಂಟಾದ ಒಂದು ಲೋಪ..."

"ಏನ್ ಸಾರ್ ಹೇಳ್ತಾ ಇದ್ದೀರಾ?" ಎಂದಳು ಮೀನಾ.

ಅವನು ಟೀ ಶರ್ಟನ್ನು ತೆಗೆದ. ಇಷ್ಟು ವಾರಗಳಲ್ಲಿ ಮಕ್ಕಳು ಅವನ ಬರಿಯ ಮೈ ನೋಡಿರಲಿಲ್ಲ. ಎಡ ರಟ್ಟೆಯ ಮೇಲೆ ಬಿಳಿ ಬಟ್ಟೆಯ ಗಂಟು ಉಬ್ಬಿ ನಿಂತಿತ್ತು.

"ನನಗೆ ಹೆಗಲು ನೋವಿಲ್ಲ. ಮೇಡಂಗೆ ಸುಳ್ಳು ಹೇಳ್ದೆ. ಇದರೊಳಗೆ ಲಿಂಗ ಇದೆ. ಇದು ಕೊರಳಲ್ಲಿ ಇತ್ತು. ಬೀಳುವಾಗ ಇದು ಹೋಗುತ್ತೆ ಅಂತ ಕೈ ಎದೆಗೆ ಬರ್ತಿತ್ತು. ಅದು ನಮಸ್ಕಾರ ಅಲ್ಲ, ಸ್ಟೈಲ್ ಅಲ್ಲ. ತಪ್ಪು. ನಿಮ್ಮೆಲ್ಲರ ದಾರ ಬಿಚ್ಚಿಸಿ ನಾನು ನನ್ನದನ್ನ ಒಳಗೆ ಇಟ್ಕೊಂಡಿದ್ದೆ. ರೂಪ ನಾನು ಮಾಡಿದಂಗೇ ಮಾಡಿದ್ಲು. ಅದಕ್ಕೇ ಏಟಾಯ್ತು."

ಹಿಂದಿನ ಸಾಲಿನ ಹುಡುಗನೊಬ್ಬ ತನ್ನ ಬಲಗೈಯನ್ನು ನೋಡಿಕೊಂಡ. ಜಡೇಸ್ವಾಮಿ ಗಂಟಲು ಸರಿಮಾಡಿಕೊಂಡು, "ಓಗ್ಲಿ ಬುಡಿ ಮೇಷ್ಟ್ರೇ, ದ್ಯಾವ್ರ ವಿಚಾರ. ಯಾರ್ ಏನ್ ಮಾಡಕಾದದು," ಎಂದ.

"ದೇವರ ವಿಚಾರ ಅಲ್ಲ. ನಾನು ಹೇಳ್ಬೋದಿತ್ತು. ಹೇಳಲಿಲ್ಲ."

ಪುಷ್ಪ ಅಲ್ಲಿಯವರೆಗೂ ಸೆರಗನ್ನು ಬಾಯಿಗೆ ಹಿಡಿದು ಕೇಳುತ್ತಿದ್ದಳು. ಈಗ ಸೆರಗು ತೆಗೆದು, ದನಿ ಏರಿಸದೆ ಅಂದಳು: "ಅವತ್ತು ಆಸ್ಪತ್ರೇಲಿ ನಾನು ಕೂಸ್ಗೆ ಒಡ್ದಾಗ ನೀವು ಅಲ್ಲೇ ಇದ್ರಿ ಸಾ."

"ಇದ್ದೆ."

"ನಾನ್ ನಿಮ್ಗೆ ಕೈ ಮುಗ್ದೆ."

"ಹೌದು."

ಬೈದಿದ್ದರೆ ಅವನಿಗೆ ಸಲೀಸಾಗುತ್ತಿತ್ತು. ಅವಳು ಮಗಳ ಪಕ್ಕ ಹೋಗಿ ಕೂತು, ಅವಳ ಹುಬ್ಬಿನ ಪ್ಲಾಸ್ಟರಿನ ಅಂಚನ್ನು ಬೆರಳಿನಿಂದ ಒತ್ತಿ ಕೂರಿಸಿದಳು.

ಮೀನಾ ಮುಂದೆ ಬಂದಳು. ಅವಳ ಮುಖ ಕೆಂಪಾಗಿತ್ತು. "ನಾನು ನಿಮಗೋಸ್ಕರ ಹೆಗಲಿನ ಎಕ್ಸರ್ಸೈಜ್ ಕೇಳ್ಕೊಂಡು ಬಂದಿದ್ದೆ ಸಾರ್. ಒಂದು ಮಾತು ಹೇಳಿದ್ರೆ ನಾನೇ ರಟ್ಟೆಗೆ ಕಟ್ಟಿಸ್ತಿದ್ದೆ. ಒಬ್ಬರೇ ಬೀಳ್ಬೇಡಿ ಅಂದಿದ್ದೆ, ಬಿದ್ರಿ. ಕೋಚ್‌ಗೆ ಸುಳ್ಳು ಹೇಳಿದ್ರೆ ಕೋಚ್ ಏನ್ ಮಾಡ್ಬೇಕು?" ಆಮೇಲೆ ಜಡೇಸ್ವಾಮಿಯ ಕಡೆ ತಿರುಗಿ, "ರೂಪ ಬ್ಯಾಚಲ್ಲೇ ಇರ್ತಾಳೆ. ಅವಳು ಹೇಳಿದಂಗೆ ಕೇಳೋ ಹುಡುಗಿ. ಅದೇ ಆಗಿದ್ದು ತೊಂದರೆ," ಎಂದಳು. ಜಡೇಸ್ವಾಮಿ ಏನೋ ಹೇಳಹೊರಟು, ಪುಷ್ಪಳ ಮುಖ ನೋಡಿ, "ಆಯ್ತು ಬುಡಿ," ಎಂದು ಗೇಟಿನ ಕಡೆ ನಡೆದ.

ಮೀನಾ ಮೇಷ್ಟ್ರಿಗೆ ಶಿಕ್ಷೆಯನ್ನೇನೂ ವಿಧಿಸಲಿಲ್ಲ, ವಿಧಿಸಿದ್ದು ಪಾಠವನ್ನು. ಇನ್ನು ಮುಂದೆ ಬೆಳಗಿನ ಗುಟ್ಟಿನ ಕ್ಲಾಸು ಇಲ್ಲ. ಮಕ್ಕಳ ಜೊತೆಯಲ್ಲೇ, ಚಾಪೆಯಿಂದ, ಮೊದಲಿನಿಂದ. ಹೊಲಿಗೆ ಒದ್ದೆಯಾಗಬಾರದಾದ್ದರಿಂದ ರೂಪ ಬೆಂಚಿನ ಮೇಲೆ ಕೂತು ಎಲ್ಲರ ಕೈ ನೋಡಬೇಕು. ಕೈ ಕಳಚಿದರೆ ಕೂಗಿ ಹೇಳಬೇಕು.

"ಸಾಗೂ ಯೋಳದಾ ಮೇಡಂ?"

"ಅವರಿಗೇ ಮೊದಲು."

ರೂಪ ಸ್ಟೀಲ್ ಡಬ್ಬಿಯ ಕಡೆ ನೋಡಿ ಕೇಳಿದಳು: "ಅಂಗಾರೆ ನಂದೂ ರಟ್ಟೆಗೆ ಕಟ್ಕಬೋದಾ ಸಾ? ನಾನ್ ನೀರ್ಗೆ ಇಳಿಯವಾಗ?"

ಇಲ್ಲಿ ಎಲ್ಲರೂ ಒಂದೇ ಎಂದು ತಾನು ನಗಿಸಿದ ಬೆಳಿಗ್ಗೆ ಅವನಿಗೆ ನೆನಪಾಯಿತು. ಉತ್ತರ ತನ್ನದಲ್ಲ ಎಂಬಂತೆ ಮೀನಾಳ ಕಡೆ ನೋಡಿದ. "ಬಿಗಿಯಾಗಿ ಕಟ್ಟಿದ್ರೆ ಕಟ್ಕೋ," ಎಂದಳು ಮೀನಾ. "ಯಾರದ್ದಾದ್ರೂ ಸರಿ, ನೇತಾಡಬಾರದು ಅಷ್ಟೇ."

ಚಾಪೆಯ ಮೇಲೆ ಮಕ್ಕಳ ನಡುವೆ ಅಂಗಾತ ಮಲಗಿದಾಗ ಅವನ ಪಾದಗಳು ಚಾಪೆಯ ಆಚೆ ಚಾಚಿಕೊಂಡಿದ್ದವು. ಯಾರೋ ಕಿಸಕ್ಕೆಂದರು. ಗೋಡೆಯ ಪಾಠವೂ ಆಯಿತು. ಕೊನೆಗೆ ಆಳದ ಬದಿಗೆ ಸರದಿ ಬಂತು. ಅವನು ಹಿಂದೆ ತಿರುಗಿ ನೋಡಿದ. ನೀರು ಖಾಲಿಯಿತ್ತು. ಮೀನಾ ಸೊಂಟಕ್ಕೆ ಕೈ ಆನಿಸಿದಳು. ರಟ್ಟೆಯ ಗಂಟು ಕಿವಿಗೆ ತಾಗಿ ಒತ್ತುತ್ತಿತ್ತು. ಅದು ಅಲ್ಲೇ ಇದೆ, ಎಲ್ಲಿಗೂ ಹೋಗುವುದಿಲ್ಲ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಬಾಗಿದ. ಆಕಾಶ ಜಾರಿತು.

ಬಲಗೈ ಎದೆಗೆ ಬಂತು.

ಕಾಯಬೇಕಾದದ್ದು ಏನೂ ಅಲ್ಲಿರಲಿಲ್ಲ. ಅಂಗೈ ಒದ್ದೆ ಚರ್ಮವನ್ನು ಮುಟ್ಟಿತು, ಅದರ ಕೆಳಗೆ ಹೃದಯ ಹೊಡೆದುಕೊಳ್ಳುತ್ತಿತ್ತು. ಅವನು ಓರೆಯಾಗಿ ನೀರಿಗೆ ಬಿದ್ದ. ಇಷ್ಟು ವಾರ ಲಿಂಗದ ಹೆಸರಿನಲ್ಲಿ ಅಡಗಿದ್ದದ್ದು ಬರಿಯ ಹೆದರಿಕೆ ಎಂದು ಅವನಿಗೆ ನೀರಿನೊಳಗೆ ತಿಳಿಯಿತು. ಮೇಲೆ ಬರಲು ಮನಸ್ಸಾಗಲಿಲ್ಲ. ಬಂದ.

"ಬಂತು ಸಾ," ಎಂದಳು ರೂಪ ಬೆಂಚಿನಿಂದ. ಗೆಲುವಿನ ದನಿಯಲ್ಲ, ಬರಿಯ ವರದಿ.

ಮಕ್ಕಳು ಈ ಸಲ ನಗಲಿಲ್ಲ. ಪುಷ್ಪಳೂ ನೋಡುತ್ತಿದ್ದಳು. ರುದ್ರಸ್ವಾಮಿ ಕಬ್ಬಿಣದ ಮೆಟ್ಟಿಲು ಹಿಡಿದು ಹತ್ತಿದ. ಮೂಗಿನಿಂದ ನೀರು ಇಳಿಯುತ್ತಿತ್ತು. ಟವೆಲ್ ಎತ್ತಿಕೊಂಡು ಒಂದು ಬದಿಗೆ ಹೋಗಿ ಕೂರುವುದು ಸುಲಭವಿತ್ತು. ಅವನು ಸಾಲಿನ ಕೊನೆಗೆ ಹೋಗಿ ನಿಂತ. ಮುಂದಿದ್ದ ಹುಡುಗರು ಒಬ್ಬೊಬ್ಬರಾಗಿ ಬಿದ್ದರು. ರೂಪ ಒಬ್ಬೊಬ್ಬರಿಗೂ ಸರಿ, ತಪ್ಪು ಹೇಳಿದಳು. ಅವನ ಸರದಿ ಮತ್ತೆ ಬಂತು.

ನೀರಿಗೆ ಬೆನ್ನು ಹಾಕಿ ನಿಂತ. ಹಿಂದೆ ತಿರುಗಿ ನೋಡಿದ. ಕೈಗಳನ್ನು ಮೇಲೆತ್ತಿ ಹೆಬ್ಬೆರಳಿಗೆ ಹೆಬ್ಬೆರಳು ಸಿಕ್ಕಿಸಿದ. ಎದುರಿಗೆ, ಬೆಂಚಿನ ಮೇಲೆ, ಹುಬ್ಬಿಗೆ ಪ್ಲಾಸ್ಟರ್ ಹಾಕಿಕೊಂಡ ಹುಡುಗಿ ಮುಂದಕ್ಕೆ ಬಾಗಿ ಅವನ ಬಲಗೈಯನ್ನೇ ನೋಡುತ್ತಿದ್ದಳು.

"ಕೈ, ಸಾ," ಎಂದಳು, ಅವನಿನ್ನೂ ಬಾಗುವ ಮೊದಲೇ.